ಕಿತ್ತು ತೋರಿಸುವ ಮೇಡಂ

ಹೋದ ತಿಂಗಳು ಮಧುಗಿರಿಯಲ್ಲಿ ನಮ್ಮ ಮೇಡಂಗೆ ಬೀಳ್ಕೊಡುಗೆ ಆಯಿತು. ಮಾತಾಡಿದವರೆಲ್ಲ ಅವರ ಸಾಧನೆಗಳನ್ನೇ ಹೇಳಿದರು. ಅವರು ಕಟ್ಟಿಸಿದ ಸಂಘಗಳು, ತೋಡಿಸಿದ ಕೃಷಿ ಹೊಂಡಗಳು, ಓಡಾಡಿದ ಹಳ್ಳಿಗಳು. ಹಾರ ಹಾಕಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಹಣೆಯ ಮೇಲೆ ಜಾರುತ್ತಿತ್ತು. ಮೇಡಂ ಅದನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಾ, ಇವರು ಯಾರ ವಿಷಯ ಹೇಳುತ್ತಿದ್ದಾರೆ ಎಂದು ಯೋಚಿಸುವವರಂತೆ ಕೂತಿದ್ದರು. ನನ್ನನ್ನೂ ಕರೆದರು. ನಾನೂ ಎದ್ದು, ಎಲ್ಲರೂ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ ಕೂತೆ. ಬಸ್ಸಿನಲ್ಲಿ ಊರಿಗೆ ಹೊರಟಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರು ನಮ್ಮಲ್ಲಿ ಯಾವುದಕ್ಕೆ ಹೆಸರಾಗಿದ್ದರೋ ಅದನ್ನು ಆ ಸಭೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೆಟ್ಟುಹೋದ ಕೆಲಸವನ್ನು ತಲೆ ಎತ್ತಿಕೊಂಡು ನಾಲ್ಕು ಜನರ ಮುಂದೆ ಇಡುವುದರಲ್ಲಿ ಅವರನ್ನು ಮೀರಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಫೋನ್ ಮಾಡಿ, "ಏಮ್ಮಾ, ಬರೆಯೋಕೆ ನಿಂಗೆ ಬೇರೆ ಯಾರೂ ಸಿಗಲಿಲ್ವಾ?" ಎಂದು ಬಯ್ಯುತ್ತಾರೆ. ಪಾವಗಡ ಕಡೆಯವರು, ಮಾತಿನ ನಡುವೆ ತೆಲುಗು ಬಂದೇ ಬರುತ್ತದೆ. ತವರು ವಳ್ಳೂರಿನ ಹತ್ತಿರ. ಈಗ ಅವರ ತಂದೆಯ ಹೊಲದಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ತಟ್ಟೆಗಳು. "ನಮ್ಮಪ್ಪನ ಹೊಲದಲ್ಲಿ ಈಗ ಕರೆಂಟು ಬೆಳೀತಾರೆ. ನಮ್ಮ ವಂಶದಲ್ಲಿ ಫೇಲಾಗದೆ ಇರೋ ಬೆಳೆ ಅದೊಂದೇ" ಎಂದು ಅವರೇ ಹೇಳಿ ನಗುತ್ತಿದ್ದರು.

ನಮ್ಮದು ರೈತರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ. ಮುಖ್ಯ ಕಚೇರಿ ಮಧುಗಿರಿಯಲ್ಲಿ. ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಕೇಂದ್ರ. ಹೊಸ ಬೀಜವೋ ಹೊಸ ಪದ್ಧತಿಯೋ ಬಂದರೆ ಮೊದಲು ಯಾರಾದರೂ ಒಬ್ಬ ರೈತರ ಹೊಲದಲ್ಲಿ ಮಾಡಿ ನೋಡುತ್ತೇವೆ. ಅದಕ್ಕೆ ನಾವು ಪ್ರಾತ್ಯಕ್ಷಿಕೆ ಅನ್ನುತ್ತೇವೆ, ಊರಿನವರು 'ಡೆಮೊ' ಅನ್ನುತ್ತಾರೆ. ಚೆನ್ನಾಗಿ ಬಂದರೆ ಸುತ್ತಲ ಹಳ್ಳಿಗೂ ಕೊಡುತ್ತೇವೆ. ತಿಂಗಳ ಕೊನೆಗೆ ನಾಲ್ಕೂ ಕಡೆಯವರು ಮಧುಗಿರಿಯಲ್ಲಿ ಸೇರಿ ತಮ್ಮ ತಮ್ಮ ಕೆಲಸವನ್ನು ಒಬ್ಬರ ಮುಂದೊಬ್ಬರು ಇಡಬೇಕು.

ಆ ಸಭೆಯಲ್ಲಿ ಹಸಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ಆದರೆ ಫೋಟೋ ತೆಗೆಯುವ ಜಾಣತನ ಎಲ್ಲರಿಗೂ ಇತ್ತು. ಪೈರು ಗಿಡ್ಡವಾಗಿದ್ದರೆ ಹೊಲದಲ್ಲಿ ಮಕಾಡೆ ಮಲಗಿ, ಗಿಡದ ಹಿಂದೆ ಆಕಾಶ ಬರುವಂತೆ ತೆಗೆಯುವುದು. ಸಾಲು ತೆಳುವಾಗಿದ್ದರೆ ಬದುವಿನ ಮೂಲೆಯಲ್ಲಿ ಓರೆಯಾಗಿ ನಿಲ್ಲುವುದು. ಹೊಂಡದಲ್ಲಿ ನೀರಿಲ್ಲದಿದ್ದರೆ ಅದರ ಮುಂದೆ ಸಂಘದ ಹೆಂಗಸರನ್ನು ಸಾಲಾಗಿ ನಿಲ್ಲಿಸಿಬಿಡುವುದು. ಇದರಲ್ಲಿ ನಮ್ಮ ಕೊರಟಗೆರೆ ಕೇಂದ್ರದ ರಂಗಪ್ಪನದು ಎತ್ತಿದ ಕೈ. ಊರೂರಲ್ಲಿ ಪರಿಚಯವಿದ್ದ ಹಳೆಯ ಕಾರ್ಯಕರ್ತ. ಅವನು ಫೋಟೋ ತೆಗೆದರೆ ಕಳೆಯೂ ಬೆಳೆಯಂತೆ ಕಾಣುತ್ತಿತ್ತು. ಫೋಟೋಕ್ಕೂ ಬಗ್ಗದ ಕೆಲಸವಿದ್ದರೆ 'ಪ್ರಗತಿಯಲ್ಲಿದೆ' ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಕೇಳುವವರೂ ತಮ್ಮ ಸರದಿ ನೆನೆದುಕೊಂಡು ತಲೆ ಆಡಿಸುತ್ತಿದ್ದರು.

ನಾನು ಕೆಲಸಕ್ಕೆ ಸೇರಿ ಹೋದ ಮೊದಲನೆಯ ಸಭೆಯಲ್ಲೇ ಮೇಡಂ ದರ್ಶನವಾಯಿತು. ಕುಳ್ಳಗೆ, ದಪ್ಪಗೆ, ಎಣ್ಣೆ ಹಚ್ಚಿ ಬಿಗಿದ ತುರುಬು. ಅವರ ಸರದಿ ಬಂದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ತಲೆಯ ಮೇಲೇರಿಸಿ, ಸೇದುವ ಬಾವಿಯ ಮುಂದೆ ನಿಂತವರಂತೆ ಎರಡೂ ಕಾಲು ಊರಿ ನಿಂತರು. ಲ್ಯಾಪ್‌ಟಾಪು ಮುಟ್ಟಲಿಲ್ಲ. ಕಾಲ ಬುಡದಲ್ಲಿದ್ದ ಗೊಬ್ಬರದ ಚೀಲದಿಂದ ಒಣಗಿದ ಒಂದು ಹಿಡಿ ತೊಗರಿ ಗಿಡ ಎತ್ತಿ ಸೀದಾ ನಿರ್ದೇಶಕರ ಮೇಜಿನ ಮೇಲಿಟ್ಟರು. ಬೇರಿನ ಮಣ್ಣು ಬಿಸ್ಕತ್ತಿನ ತಟ್ಟೆಗೆ ಉದುರಿತು.

"ಎಲ್ಲಾರೂ ನೋಡ್ಬೇಕು. ಇದು ನಂದು. ಒಣಗೋಗಿದೆ" ಅಂದರು. ಬಹುಮಾನ ಬಂದವರ ಹೆಸರು ಕೂಗುವ ದನಿ.

ನಿರ್ದೇಶಕರು ಮೃದು ಸ್ವಭಾವದವರು. ಬಿಸ್ಕತ್ತಿನ ಮೇಲಿನ ಮಣ್ಣು ಊದುತ್ತಾ, "ಮೇಡಂ, ಫೋಟೋ ತಂದಿದ್ರೆ ಸಾಕಿತ್ತಲ್ಲ" ಅಂದರು.

"ಫೋಟೋದಲ್ಲಿ ಬೇರು ಕಾಣಲ್ಲ ಸಾರ್. ಕೊಳೆತಿರೋದು ಬೇರು."

ಆಮೇಲೆ ಎಲ್ಲವನ್ನೂ ಹೇಳಿದರು. ಎಷ್ಟು ಬಿತ್ತಿದ್ದರು, ಎಷ್ಟು ಉಳಿದಿದೆ, ತಾವು ಏನು ಮಾಡಬೇಕಿತ್ತು ಮಾಡಲಿಲ್ಲ, ಯಾವುದು ತಮಗೆ ಈಗಲೂ ಅರ್ಥವಾಗಿಲ್ಲ. ದನಿಯಲ್ಲಿ ಅಳುಕಿಲ್ಲ, ಅಳುಮುಂಜಿತನವಿಲ್ಲ, ಕ್ಷಮೆ ಕೇಳುವ ಸುಳಿವೇ ಇಲ್ಲ. ಮುಗಿಸಿದ ಮೇಲೆ ಕೂರಲೂ ಇಲ್ಲ. "ಯಾರಿಗಾದ್ರೂ ಗೊತ್ತಿದ್ರೆ ಹೇಳಿ" ಎಂದು ಸೊಂಟದ ಮೇಲೆ ಕೈಯಿಟ್ಟು ಕಾದರು. ಅವರ ನಂತರದ ಸರದಿ ನನ್ನದು. ನನ್ನ ಹತ್ತಿರ ರಂಗಪ್ಪ ತೆಗೆದುಕೊಟ್ಟ ಹಸಿರೋ ಹಸಿರು ಫೋಟೋಗಳಿದ್ದವು. ಆ ಒಣಗಿದ ಗಿಡಗಳನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಆ ಫೋಟೋಗಳನ್ನು ತೋರಿಸುವುದಕ್ಕೆ ನನಗೆ ಎಷ್ಟು ಮುಜುಗರವಾಯಿತೆಂದರೆ, ಈ ಹೆಂಗಸಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ ಎಂದು ಅವರ ಮೇಲೇ ಕೋಪ ಬಂತು.

ಆ ಕೋಪ ಬಹಳ ದಿನ ಉಳಿಯಲಿಲ್ಲ. ಅವರ ಜೊತೆ ಸ್ವಲ್ಪ ಕಾಲ ಕಳೆದವರಿಗೆ ಅವರ ಮೇಲೆ ಕೋಪ ಮಾಡಿಕೊಳ್ಳಲು ಬಿಡುವೇ ಸಿಗುತ್ತಿರಲಿಲ್ಲ, ಅಷ್ಟು ನಗಿಸುತ್ತಿದ್ದರು. ಒಮ್ಮೆ ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರು ಮಾಡಿಸಿದ್ದ ಎರೆಹುಳು ಗೊಬ್ಬರದ ತೊಟ್ಟಿ ನೋಡಲು ಬೇರೆ ಜಿಲ್ಲೆಯಿಂದ ಒಂದು ಬಸ್ಸು ಜನ ಬಂದರು. ಅಷ್ಟರಲ್ಲಿ ತೊಟ್ಟಿಗೆ ಇರುವೆ ನುಗ್ಗಿ ಹುಳುಗಳನ್ನೆಲ್ಲ ಮುಗಿಸಿದ್ದವು. ಬೇರೆಯವರಾಗಿದ್ದರೆ ಬಂದವರಿಗೆ ಎಳನೀರು ಕೊಟ್ಟು ಪಕ್ಕದ ಊರಿನ ಚೆಕ್ ಡ್ಯಾಮ್ ತೋರಿಸಿ ಕಳಿಸುತ್ತಿದ್ದರು. ಮೇಡಂ ತೊಟ್ಟಿಯ ಹತ್ತಿರವೇ ಎಲ್ಲರನ್ನೂ ಸುತ್ತ ನಿಲ್ಲಿಸಿ, "ಇಲ್ಲಿ ಎರೆಹುಳು ಇದ್ವು. ಈಗ ಇಲ್ಲ. ಇರುವೆ ಎಲ್ಲಿಂದ ಬಂದ್ವು ಅಂತ ತೋರಿಸ್ತೀನಿ ಬನ್ನಿ" ಎಂದು ಹೊರಟರು. ಇರುವೆ ಸಾಲು ಹಿಡಿದುಕೊಂಡು ಬೇಲಿ ದಾಟಿ, ದನದ ಕೊಟ್ಟಿಗೆ ದಾಟಿ, ಇಡೀ ಬಸ್ಸಿನ ಜನ ಬಗ್ಗಿಕೊಂಡು ಅವರ ಹಿಂದೆ ನಡೆದರು. ಅವತ್ತು ಅವರೆಲ್ಲರ ಫೋನಿನಲ್ಲಿ ಇರುವೆಯ ಫೋಟೋನೇ. ಶಿರಾ ಕೇಂದ್ರದ ಅನ್ವರ್ ಭಾಯಿ ಈಗಲೂ ಆ ದಿನವನ್ನು ನೆನೆದು, "ಮೇಡಂ ಕಮಾಲ್ ಬಿಡಿ, ಖಾಲಿ ತೊಟ್ಟಿ ತೋರಿಸಿ ಚಪ್ಪಾಳೆ ತಗೊಂಡ್ರು" ಅನ್ನುತ್ತಾರೆ.

ಅಡುಗೆಯಲ್ಲೂ ಇದೇ ಕತೆ. ಹಬ್ಬದ ಮಾರನೆಯ ದಿನ ಡಬ್ಬಿ ತುಂಬ ಹೋಳಿಗೆ ತಂದು, ಮುಚ್ಚಳ ತೆಗೆಯುವ ಮೊದಲೇ, "ಹರಿದುಹೋಗಿದೆ, ಕಣಕ ಗಟ್ಟಿಯಾಯ್ತು, ಹೂರಣ ಮಾತ್ರ ಫಸ್ಟ್ ಕ್ಲಾಸು" ಎಂದು ಘೋಷಿಸುತ್ತಿದ್ದರು. ಸಭೆಯ ಪ್ರಾರ್ಥನೆಗೆ ಯಾರೂ ಮುಂದೆ ಬರದಿದ್ದರೆ ತಾವೇ ಎದ್ದು ಹಾಡುತ್ತಿದ್ದರು. ಒಂದು ಚರಣ ಆದ ಮೇಲೆ ಥಟ್ಟನೆ ನಿಲ್ಲಿಸಿ, "ಇಷ್ಟೇ ಬರೋದು" ಎಂದು ಕೂತುಬಿಡುತ್ತಿದ್ದರು. ದೇವರಿಗೂ ಅಭ್ಯಾಸವಾಗಿತ್ತೇನೋ.

ಇದು ಎಲ್ಲ ಕಡೆ ಒಳ್ಳೆಯದೇ ಮಾಡಿತು ಅಂತಲ್ಲ. ನಮ್ಮ ಸಹೋದ್ಯೋಗಿ ಹುಡುಗಿಯೊಬ್ಬಳ ಮದುವೆ ಮಾತುಕತೆಗೆ ಹಿರಿಯರೆಂದು ಇವರನ್ನು ಕರೆದುಕೊಂಡು ಹೋಗಿದ್ದರಂತೆ. ಗಂಡಿನ ಕಡೆಯವರು ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿದಾಗ ಮನೆಯವರು ಬಾಯಿ ತೆರೆಯುವ ಮುಂಚೆಯೇ ಮೇಡಂ, "ಅನ್ನ ಮುದ್ದೆಯಾಗುತ್ತೆ, ಮುದ್ದೆ ಗಂಟಾಗುತ್ತೆ. ಕಲೀತಾಳೆ" ಅಂದರಂತೆ. ಪುಣ್ಯಕ್ಕೆ ಹುಡುಗ ನಕ್ಕು ಒಪ್ಪಿಕೊಂಡ. ನನ್ನ ಮದುವೆ ಮಾತುಕತೆಗೆ ಮಾತ್ರ ಅವರಿಗೆ ತಿಳಿಯಬಾರದೆಂದು ನಮ್ಮಮ್ಮ ಅಪ್ಪಣೆ ಮಾಡಿದ್ದರು. ಅವರ ಯಜಮಾನರಂತೂ, "ಮನೇಲಿ ಲೋಟ ಒಡೆದ್ರೂ ಬೀದಿಯೋರಿಗೆಲ್ಲ ತೋರಿಸಿಯೇ ಗುಡಿಸೋದು" ಎಂದು ಅಲವತ್ತುಕೊಳ್ಳುತ್ತಿದ್ದರು.

ಯಾರೇ ನೆಪ ಹೇಳಿದರೂ ಅವರಿಗೆ ಆಗುತ್ತಿರಲಿಲ್ಲ. ನಾನೊಮ್ಮೆ ಸಭೆಯಲ್ಲಿ ಮಳೆ ಸರಿಯಾಗಿ ಬರಲಿಲ್ಲ ಎಂದು ಶುರುಮಾಡಿದ್ದೆ. ಹೊರಗೆ ಬಂದ ಮೇಲೆ ಟೀ ಕೈಗೆ ಕೊಟ್ಟು, "ಮಳೆ ಸಭೆಗೆ ಬಂದಿಲ್ಲ ಕಣಮ್ಮ, ನೀನು ಬಂದಿದೀಯ. ನಿನ್ನ ವಿಷಯ ಹೇಳು" ಅಂದರು. ಇವರಿಗೇನು, ಹುಟ್ಟಾ ಧೈರ್ಯಸ್ಥೆ, ಭಯ ಅನ್ನುವುದು ಏನೆಂದೇ ಗೊತ್ತಿಲ್ಲ ಎಂದುಕೊಂಡೆ. ನಾನೋ ಹೆದರುಪುಕ್ಕಲಿ. ನಾಲ್ಕು ಜನ ತಿರುಗಿ ನೋಡಿದರೆ ಸ್ವಂತ ಊರಿನ ಹೆಸರೂ ಮರೆಯುವ ಪೈಕಿ.

ಇಂಥ ನನಗೆ ಆ ಕಡಲೆಕಾಯಿಯ ಪ್ರಸಂಗ ಬಂತು.

ಚನ್ನರಾಯನದುರ್ಗದ ಬೆಟ್ಟದ ಮಗ್ಗುಲಿಗೆ ಪುಟ್ಟತಾಯಮ್ಮನ ಹೊಲ. ನಾನು ಸ್ವತಂತ್ರವಾಗಿ ಮಾಡಿಸಿದ ಮೊದಲ ಡೆಮೊ ಅಲ್ಲೇ. ಹೊರಗಿನಿಂದ ಬಂದ ಹೊಸ ಕಡಲೆಕಾಯಿ ಬೀಜ. ಚೆನ್ನಾಗಿ ಬಂದರೆ ಮುಂದಿನ ಸಲ ಇಡೀ ಹೋಬಳಿಗೆ ಅದನ್ನೇ ಕೊಡುವುದೆಂದು ತೀರ್ಮಾನವಾಗಿತ್ತು. ನನ್ನ ಒಂದು ವರ್ಷದ ಕರಾರು ಮುಂದುವರಿಯುತ್ತದೋ ಇಲ್ಲವೋ ಅನ್ನುವುದೂ ಈ ಕೆಲಸ ನೋಡಿಯೇ. ಪೈರು ಬಂತು ನೋಡಿ, ಸಾಲು ಸಾಲಿಗೂ ಮುಚ್ಚಿಕೊಂಡು, ಕಡು ಹಸಿರಾಗಿ, ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುವ ಹಾಗೆ. ಪುಟ್ಟತಾಯಮ್ಮ ಸಿಕ್ಕಿದವರಿಗೆಲ್ಲ ಹೇಳಿಕೊಂಡಳು. ಪಕ್ಕದ ಹೊಲದಲ್ಲಿ ನಾಟಿ ಕಡಲೆಕಾಯಿ ಹಾಕಿದ್ದ ಗಂಗಮ್ಮ, "ಹೊಸ ಬೀಜ ನಂಬ್ಕಂಡು ಕೆಡ್ತೀಯ ಕಣಕ್ಕ" ಎಂದು ಬಿತ್ತುವಾಗಲೇ ಹೀಗಳೆದಿದ್ದಳಂತೆ. ಅವಳನ್ನು ದಿನಾ ಒಂದು ಸಲ ಕರೆದು ಹೊಲ ತೋರಿಸುವುದೇ ಪುಟ್ಟತಾಯಮ್ಮನ ಕೆಲಸವಾಯಿತು. ನಾನೂ ಕಡಿಮೆ ಉಬ್ಬಲಿಲ್ಲ. ಈ ತಿಂಗಳ ಸಭೆ ನಮ್ಮ ಹೊಲದಲ್ಲೇ ನಡೆಯಲಿ, ನಾಲ್ಕೂ ಕಡೆಯವರು ಬರಲಿ ಎಂದು ನಾನೇ ಕರೆದೆ. ನಿರ್ದೇಶಕರು ಸಂತೋಷದಿಂದ ಒಪ್ಪಿದರು.

ಸಭೆಗೆ ಎರಡು ದಿನ ಇರುವಾಗ, ಕಾಯಿ ಎಷ್ಟು ಬಲಿತಿದೆ ನೋಡೋಣವೆಂದು ಒಂದು ಗಿಡ ಕಿತ್ತೆ. ಬೇರಿನ ತುಂಬ ಬರೀ ಮಣ್ಣು. ಕಾಯಿ ಅಂತ ಇದ್ದದ್ದು ಎರಡೋ ಮೂರೋ ಜೊಳ್ಳು. ಆ ಕಡೆ ಹೋಗಿ ಇನ್ನೊಂದು ಕಿತ್ತೆ, ಈ ಕಡೆ ಬಂದು ಮತ್ತೊಂದು. ಎಲ್ಲ ಹಾಗೇ. ರಂಗಪ್ಪ ಒಂದು ಗಿಡವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಮೇಲೆಲ್ಲ ಮದ್ವೆ ಮನೆ ಇದ್ದಂಗೈತೆ, ಕೆಳಗೆ ಏನೂ ಇಲ್ವಲ್ಲಮ್ಮ" ಅಂದ. ನಾನು ಬದುವಿನ ಮೇಲೆ ಕೂತೆ.

ಪುಟ್ಟತಾಯಮ್ಮ ಓಡಿ ಬಂದಳು. ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. "ನಾಕ್ ತಾಲೂಕಿನೋರು ಬತ್ತಾರೆ. ಊರೋರೆಲ್ಲ ಬತ್ತಾರೆ. ಆ ಗಂಗಮ್ಮ ನಗ್ತಾಳೆ ಕಣವ್ವ. ಹೆಂಗಾನ ಮಾಡಿ ನನ್ ಮಾನ ಉಳ್ಸು" ಅಂದಳು.

ರಂಗಪ್ಪನ ಹತ್ತಿರ ಉಪಾಯ ಸಿದ್ಧವಾಗಿತ್ತು. ನಮ್ಮ ಕಡೆ ಕಡಲೆಕಾಯಿ ಹೊಲಕ್ಕೆ ದೊಡ್ಡವರು ಬಂದರೆ ಒಂದು ಪದ್ಧತಿ ಇದೆ. ಬಂದವರು ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿಯ ಗೊಂಚಲು ಕಾಣುವಂತೆ ಮೇಲೆತ್ತಿ ಹಿಡಿಯಬೇಕು. ಅದೇ ಫೋಟೋ. "ಕೆರೆ ಕೆಳಗಿನ ಹೊಲದಾಗೆ ನಾಟಿ ಕಳ್ಳೇಕಾಯಿ ಚೆನ್ನಾಗಿ ಹಿಡಿದೈತೆ. ಎರಡು ಗಿಡ ಬೇರು ಸಮೇತ ತಂದು ಇಲ್ಲಿ ಸಾಲಲ್ಲಿ ಹೂತು ನೀರು ಚಿಮುಕ್ಸಿ ಬುಡ್ತೀನಿ. ಗುರುತಿಗೆ ಒಂದು ಕಡ್ಡಿ. ಸಾಹೇಬ್ರನ್ನ ಸೀದಾ ಅಲ್ಲಿಗೇ ಕರ್ಕಂಡೋಗ್ತೀನಿ. ಒಂದ್ ಗಿಡ ಕಿತ್ತು ಫೋಟೋ ಹೊಡುಸ್ಕಂಡ್ರೆ ಊಟುಕ್ಕೆ ಎದ್ದೋಗ್ತಾರೆ. ಎರಡ್ನೇದು ಯಾರೂ ಕೀಳಲ್ಲಮ್ಮ" ಅಂದ. ಪುಟ್ಟತಾಯಮ್ಮನ ಮುಖ ಅರಳಿತು. ನಾನು ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಸೀದಾ ಮೇಡಂಗೆ ಫೋನ್ ಮಾಡಿದೆ. ಅವರಾಗ ಪಾವಗಡ ಕೇಂದ್ರದಲ್ಲಿದ್ದರು.

ಮಾರನೆಯ ಬೆಳಿಗ್ಗೆ ಬಸ್ಸು ಬದಲಿಸಿಕೊಂಡು ಬಂದು ಇಳಿದರು. ಚೀಲ ಬದುವಿನ ಮೇಲೆಸೆದು ಹೊಲಕ್ಕೆ ನುಗ್ಗಿ ಒಂದಾದ ಮೇಲೊಂದು ಗಿಡ ಕಿತ್ತರು. ಒಂದು ಜೊಳ್ಳು ಕಾಯಿ ಒಡೆದು ಒಳಗಿದ್ದ ಸುಕ್ಕು ಬೀಜವನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಗಟ್ಟಿಯಾಗಿ ನಕ್ಕರು.

"ಅಬ್ಬ! ಎಷ್ಟು ಸೊಗಸಾಗಿ ಕೆಟ್ಟಿದೆ ನೋಡಮ್ಮ! ಇಂಥದ್ದು ನಾನೂ ನೋಡಿರಲಿಲ್ಲ."

ನನಗೆ ಅಳು ಬಂತು. ರಂಗಪ್ಪ ತನ್ನ ಉಪಾಯ ಹೇಳಿದ. ಮೇಡಂ ಅವನನ್ನು ಬಯ್ಯಲಿಲ್ಲ, ಗಂಭೀರವಾಗಿ ಪೂರಾ ಕೇಳಿಸಿಕೊಂಡರು. "ಫೋಟೋ ಚೆನ್ನಾಗಿ ಬಂದ್ರೆ ಈ ಬೀಜ ಹೋಬಳಿಗೆಲ್ಲ ಹೋಗುತ್ತೆ ರಂಗಪ್ಪ. ಆಗ ಎಷ್ಟು ಹೊಲದಲ್ಲಿ ಗಿಡ ಹೂತಿಡ್ತೀಯಾ?" ಎಂದು ಕೇಳಿದರು. ರಂಗಪ್ಪ ತಲೆ ಕೆರೆದುಕೊಂಡ. ಅಲ್ಲಿಯವರೆಗೆ ಅವನಿಗೂ ಅದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ಹಾಗಾದ್ರೆ ನೀವೇ ಹೇಳಿ ಮೇಡಂ. ನಿಮ್ಮ ಬಾಯಲ್ಲಿ ಬಂದ್ರೆ ಯಾರೂ ನಗಲ್ಲ" ಎಂದು ಗೋಗರೆದೆ.

"ನನ್ನ ಡೆಮೊ ಆಗಿದ್ರೆ ಹೇಳ್ತಿದ್ದೆ. ಇದು ನಿಂದು, ನೀನೇ ಕೀಳಬೇಕು. ಈಗ ಹೇಳು ನೋಡೋಣ, ನಾಳೆ ಏನಂತೀಯಾ?"

ಅಲ್ಲೇ ಅಭ್ಯಾಸ ಶುರುವಾಯಿತು. ಕೇಳುವವರು ಬೇಕಲ್ಲ, ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಕರಿಯಣ್ಣನ ಮಂದೆಯ ಕಡೆಗೆ ನನ್ನನ್ನು ತಿರುಗಿಸಿ ನಿಲ್ಲಿಸಿದರು. ನಾನು ಗಿಡ ಎತ್ತಿ ಹಿಡಿದು, "ಇದು ನನ್ನ ಪ್ರಾತ್ಯಕ್ಷಿಕೆ, ಕಾಯಿ ಕಟ್ಟಿಲ್ಲ" ಅಂದೆ. ಒಂದು ಕುರಿಯೂ ತಲೆ ಎತ್ತಲಿಲ್ಲ. "ಅವಕ್ಕೇ ಕೇಳಿಸ್ತಿಲ್ಲ, ಜನಕ್ಕೇನು ಕೇಳಿಸುತ್ತೆ?" ಅಂದರು ಮೇಡಂ. ನಾನು ಸಿಟ್ಟಿನಿಂದ ಕಿರುಚಿದೆ. ಮಂದೆ ಬೆದರಿ ಚೆಲ್ಲಾಪಿಲ್ಲಿಯಾಯಿತು. ಕರಿಯಣ್ಣ ಕೋಲು ಹಿಡಿದು ಎದ್ದು ನಿಂತು, "ಯಾರ್ನ ಬಯ್ತಾ ಐತೆ ಈ ಯಮ್ಮ?" ಎಂದು ರಂಗಪ್ಪನನ್ನು ಕೇಳಿದ. ಅಷ್ಟೂ ಸಂಕಟದಲ್ಲಿ ನನಗೆ ನಗು ಬಂದದ್ದು ಆಗಲೇ.

ಪುಟ್ಟತಾಯಮ್ಮ ಮಾತ್ರ ನಗಲಿಲ್ಲ. ಮೇಡಂ ಅವಳ ಜಗಲಿಯ ಮೇಲೆ ಬಹಳ ಹೊತ್ತು ಕೂತು ಮಾತಾಡಿದರು. "ಕಾಯಿ ಹಿಡೀದೆ ಇದ್ದಿದ್ದು ಗಿಡ, ನೀನಲ್ಲ ಪುಟ್ಟತಾಯಮ್ಮ" ಅಂದರು. ಅವಳು ಮುಖ ತಿರುಗಿಸಿಕೊಂಡು, "ನ್ಯಾಯವೇ ಬುಡಿ. ನೀವು ಬಸ್ಸು ಹತ್ತಿ ಓಯ್ತೀರ. ನಾನು ಇದೇ ಊರಾಗೆ ಇರ್ಬೇಕಲ್ಲ" ಅಂದಳು. ಮೇಡಂ ಅವಳು ಕೊಟ್ಟ ಕಾಫಿ ಕುಡಿದು ಎದ್ದರು.

ಸಭೆಯ ದಿನ ಹೊಲದ ಪಕ್ಕ ಶಾಮಿಯಾನ, ಮೈಕು, ಕುರ್ಚಿ. ಶಿರಾ, ಮಧುಗಿರಿ, ಪಾವಗಡದವರೆಲ್ಲ ಬಂದರು. ಊರಿಗೆ ಊರೇ ಬಂದು ಬದುವಿನ ಮೇಲೆ ನಿಂತಿತ್ತು, ಮುಂದಿನ ಸಾಲಿನಲ್ಲೇ ಗಂಗಮ್ಮ. ಜೀಪಿನಿಂದ ಇಳಿದವರೆಲ್ಲ ಪೈರು ನೋಡಿ ಆಹಾ ಅಂದರು. ಆ ಒಂದೊಂದು ಆಹಾಕ್ಕೂ ನನ್ನ ಜೀವ ಅಷ್ಟಷ್ಟೇ ಇಳಿಯುತ್ತಿತ್ತು. ನಿರ್ದೇಶಕರು ಅಂಗಿಯ ತೋಳು ಮಡಚಿಕೊಂಡು, "ಎಲ್ಲಮ್ಮ, ಯಾವ ಗಿಡ ಕೀಳಲಿ?" ಎಂದು ನಗುತ್ತಾ ಕೇಳಿದರು. ಫೋನುಗಳೆಲ್ಲ ಮೇಲೆದ್ದವು.

ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಸಾರ್, ಇವತ್ತು ಬಿಸಿಲು ಜಾಸ್ತಿ, ಮೊದಲು ಊಟ ಮಾಡಿಬಿಡೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಪಕ್ಕದಲ್ಲಿದ್ದ ಮೇಡಂ ನನ್ನ ಮಣಿಕಟ್ಟು ಹಿಡಿದರು.

ಅವರ ಅಂಗೈ ತಣ್ಣಗೆ ಕೊರೆಯುತ್ತಿತ್ತು. ಬೆವರಿನಿಂದ ಒದ್ದೆಯಾಗಿತ್ತು. ನಾನು ಬೆಚ್ಚಿ ಅವರ ಮುಖ ನೋಡಿದೆ. ಮುಖದಲ್ಲಿ ಎಂದಿನ ಗತ್ತೇ ಇತ್ತು.

"ಏನ್ ನೋಡ್ತೀಯಾ? ಪ್ರತಿ ಸಲಾನೂ ನಂಗೆ ಹಿಂಗೇ ಆಗೋದು" ಎಂದು ತುಟಿ ಅಲ್ಲಾಡಿಸದೆ ಹೇಳಿದರು. "ನಡಿ."

ಅಷ್ಟು ಸಭೆಗಳು, ಆ ಒಣ ತೊಗರಿ, ಆ ಇರುವೆ ಸಾಲು, ಸೊಂಟದ ಮೇಲಿನ ಆ ಕೈ, ಎಲ್ಲ ಒಂದೇ ಸಲ ನೆನಪಾಯಿತು. ಅಷ್ಟೂ ಸಲ ಈ ಕೈ ಹೀಗೇ ಇತ್ತೇ? ನನಗೆ ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಹುಟ್ಟಾ ಧೈರ್ಯ ನನಗಿಲ್ಲವಲ್ಲ ಎಂದು ಅಷ್ಟು ದಿನ ಕೊರಗಿದ್ದು ದಂಡವೆನಿಸಿತು. ನಾಲ್ಕು ಹೆಜ್ಜೆ ನಡೆದು, ಕೈಗೆ ಸಿಕ್ಕ ಗಿಡ ಹಿಡಿದು ಎಳೆದು, ಮಣ್ಣು ಕೊಡವಿ ಮೇಲೆತ್ತಿದೆ.

"ಸಾರ್, ಈ ಪ್ರಾತ್ಯಕ್ಷಿಕೆ ನಂದು. ಕಾಯಿ ಕಟ್ಟಿಲ್ಲ. ಪೂರಾ ಹೊಲ ಹಿಂಗೇ ಇದೆ. ಈ ಬೀಜ ಹೋಬಳಿಗೆ ಕೊಡಬಾರದು."

ದನಿ ಮೊದಲು ಕೀರಲಾಗಿ ಹೊರಟಿತು, ಆಮೇಲೆ ಸರಿಹೋಯಿತು. ಯಾಕೆ ಹೀಗಾಯಿತು ಗೊತ್ತಿಲ್ಲ, ಗೊಬ್ಬರ ಜಾಸ್ತಿ ಹಾಕಿಸಿದ್ದೆ ಎಂದೂ ಹೇಳಿದೆ. ನಿರ್ದೇಶಕರು ಗಿಡ ಇಸಿದುಕೊಂಡು ಬೇರು ಬಿಡಿಸಿ ನೋಡಿದರು. ನಂಬಿಕೆ ಬಾರದೆ ತಾವೇ ಒಂದು ಕಿತ್ತರು. ಅನ್ವರ್ ಭಾಯಿ ಇನ್ನೊಂದು ಕಿತ್ತರು. ನೋಡುತ್ತಿದ್ದಂತೆ ನಾಲ್ಕು ತಾಲ್ಲೂಕಿನವರೂ ಫೋನು ಜೇಬಿಗಿಟ್ಟು, ಪ್ಯಾಂಟು ಮಡಚಿ, ಮದುವೆ ಮನೆಯಲ್ಲಿ ಕಳೆದ ಓಲೆ ಹುಡುಕುವವರಂತೆ ಬಗ್ಗಿ ಬಗ್ಗಿ ಹೊಲವೆಲ್ಲ ಕೀಳತೊಡಗಿದರು.

ಅನ್ವರ್ ಭಾಯಿ ಸೊಂಟ ನೇರ ಮಾಡಿಕೊಂಡು ಎದ್ದರು. "ಸಾಬ್, ಒಂದು ಮಾತು. ಇದೇ ಬೀಜ ನಮ್ಮ ಶಿರಾದಲ್ಲೂ ಹಾಕ್ಸಿದೀನಿ. ಹೋದ ತಿಂಗಳು ಫೋಟೋ ತೋರಿಸಿದ್ನಲ್ಲ, ಅದು. ಮೇಲೆ ನೋಡಿ ಖುಷಿಪಟ್ಟೆ, ಕಿತ್ತೇ ನೋಡಿಲ್ಲ. ಇವತ್ತೇ ಹೋಗಿ ಕೀಳ್ತೀನಿ" ಅಂದರು. ಮಧುಗಿರಿಯವರೊಬ್ಬರು ತಮ್ಮ ರಾಗಿಯ ವಿಷಯ ತೆಗೆದರು. ಇನ್ನೊಬ್ಬರು, ನೀರೇ ನಿಲ್ಲದ ತಮ್ಮ ಹೊಂಡದ ಫೋಟೋದಲ್ಲಿ ಹೆಂಗಸರು ಯಾಕೆ ಅಷ್ಟು ಒತ್ತಾಗಿ ನಿಂತಿದ್ದರು ಎಂದು ವಿವರಿಸಿದರು. ನಗುವೋ ನಗು. ಗೊಬ್ಬರ ಜಾಸ್ತಿಯಾಗಿ ಬರೀ ಎಲೆ ಬಂದಿದೆ ಅಂದರು ಕೆಲವರು. ಮಣ್ಣು ಗಟ್ಟಿಯಾಗಿ ಕಾಯಿ ಕಟ್ಟಬೇಕಾದ ಹೂವಿನ ಸೂಜಿ ಮಣ್ಣಿನೊಳಕ್ಕೆ ಇಳಿದಿಲ್ಲ ಎಂದು ಊರಿನ ರೈತರು. ಈ ಬೀಜ ಈ ಸೀಮೆಯದ್ದೇ ಅಲ್ಲ ಎಂದು ಮತ್ತೊಬ್ಬರು. ಒಬ್ಬರ ಮಾತು ಒಬ್ಬರು ಒಪ್ಪಲಿಲ್ಲ. ಅಷ್ಟು ಜೋರಾದ, ಅಷ್ಟು ಉಪಯೋಗದ ಸಭೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಡುವೆ ಕುರಿ ಕರಿಯಣ್ಣ ಬಂದು ಕಿತ್ತುಬಿದ್ದ ಸೊಪ್ಪನ್ನು ಮೂಸಿ, "ಸಾಮಿ, ಈ ಬೀಜ ನಮಗೆ ಕೊಡ್ರಿ. ಕುರಿಗೆ ಇಂಥ ಮೇವು ಎಲ್ಲೂ ಸಿಗಾಕಿಲ್ಲ" ಎಂದು ನಿರ್ದೇಶಕರಿಗೆ ಕೈಮುಗಿದ.

ನಿರ್ದೇಶಕರು ಕೈಯ ಮಣ್ಣು ಒರೆಸಿಕೊಂಡು ನನ್ನ ಹತ್ತಿರ ಬಂದರು. ಬೀಜ ಹೋಬಳಿಗೆ ಕೊಡುವುದು ಬೇಡ ಅಂದರು. "ಮುಂದಿನ ವರ್ಷ ಗೊಬ್ಬರ ಕಡಿಮೆ ಮಾಡಿ ಇಲ್ಲೇ ಇನ್ನೊಂದು ಸಲ ಹಾಕಿ ನೋಡೋಣ. ನೀವೇ ಮಾಡಿಸಿ" ಅಂದರು. ಮುಂದಿನ ವರ್ಷ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಮೇಡಂ ಆಗಲೇ ಊಟದ ಸಾಲಿನಲ್ಲಿ ಜಾಗ ಹಿಡಿದು, ಬಾ ಎಂದು ಕೈ ಬೀಸುತ್ತಿದ್ದರು.

ಮುದ್ದೆ, ಅವರೆಕಾಳು ಸಾರು. ಬಡಿಸುತ್ತಿದ್ದವಳು ಪುಟ್ಟತಾಯಮ್ಮ. ಸೆರಗು ತಲೆಯ ಮೇಲಿತ್ತು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಮಾನವೇನೋ ಬಚಾವಾಯಿತು, ಅವಳದ್ದು? ನಮ್ಮ ಎದುರು ಸಾಲಿನಲ್ಲೇ ಕೂತಿದ್ದ ಗಂಗಮ್ಮ ಕೊನೆಗೂ ಬಾಯಿ ತೆರೆದಳು.

"ಏನಕ್ಕ, ನಿನ್ ಹೊಸ ಕಳ್ಳೇಕಾಯಿ ಇಂಗಾಗ್ಬುಟ್ತಲ್ಲ!"

ಮೇಡಂ ಕೈಯಲ್ಲಿನ ತುತ್ತು ಹಾಗೇ ನಿಂತಿತು. ಪುಟ್ಟತಾಯಮ್ಮ ಸೌಟನ್ನು ಬಕೀಟಿಗೆ ಇಳಿಬಿಟ್ಟಳು. ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೂಂ ಕಣೇ, ಆಗ್ಲಿಲ್ಲ! ನಾಕ್ ತಾಲೂಕಿನೋರ ಮುಂದೆ ಕಿತ್ತು ತೋರ್ಸಿದ್ದೀವಿ. ನಿನ್ ಹೊಲನೂ ಇಲ್ಲೇ ಐತಲ್ಲ, ಎದ್ದೇಳು, ಒಂದ್ ಗಿಡ ಕೀಳು. ನಾವೂ ಒಸಿ ನೋಡಾನ!"

ಗಂಗಮ್ಮ ತನ್ನ ಹೊಲದ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

"ಮೊದ್ಲು ಸಾರು ಬುಡಕ್ಕ" ಅಂದಳು.

ಮೇಡಂಗೆ ತುತ್ತು ನೆತ್ತಿಗೇರಿತು. ನಾನು ನೀರು ಕೊಟ್ಟು ಬೆನ್ನು ಸವರಿದೆ. ಕಣ್ಣಲ್ಲಿ ಧಾರಾಕಾರ ನೀರು, ಒಂದು ಕಡೆ ಕೆಮ್ಮು, ಒಂದು ಕಡೆ ನಗು. ಮಾತು ಹೊರಡದೆ, ಎಂಜಲು ಕೈಯನ್ನೇ ಎತ್ತಿ ಪುಟ್ಟತಾಯಮ್ಮನನ್ನು ನನಗೆ ಮತ್ತೆ ಮತ್ತೆ ತೋರಿಸುತ್ತಿದ್ದರು.